ವರ್ಲ್ಡ್ ರಗ್ಬಿಯ ನಿಯಮಗಳ ವೆಬ್‌ಸೈಟ್: ಎಲ್ಲಿಂದ ಓದಬೇಕು, ಎಲ್ಲಿ ಎಡವುತ್ತೇವೆ

ರೆಫರಿ ಸೀಟಿ ಊದಿದ್ದು ಯಾಕೆ ಎಂದು ಖಚಿತವಾಗಿ ತಿಳಿಯಬೇಕಿದ್ದರೆ, ರಗ್ಬಿಯ ಅಂತರರಾಷ್ಟ್ರೀಯ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿಯ ಈ ತಾಣವೇ ಮೂಲ. ಉಚಿತ. 21 ನಿಯಮಗಳೂ ಇವೆ, ಹಲವು ಕಡೆ ವಿಡಿಯೊ ತುಣುಕುಗಳೂ ಇವೆ. ಆದರೆ ಬರೀ ನಿಯಮ ಓದಿಕೊಂಡು ಪಂದ್ಯ ನೋಡಲು ಕೂತರೆ ಸರಿಯಾದ ತೀರ್ಪೂ ತಪ್ಪೆಂದೇ ಕಾಣುತ್ತದೆ. ಓದುವುದಕ್ಕೂ ಒಂದು ಕ್ರಮವಿದೆ.

ಶುರು ಮಾಡಬೇಕಾದ್ದು ವ್ಯಾಖ್ಯೆಗಳ ಪುಟದಿಂದ. ಫಾರ್ವರ್ಡ್ ಪಾಸ್ (ಚೆಂಡನ್ನು ಮುಂದಕ್ಕೆ ಎಸೆಯುವ ತಪ್ಪು) ಬಗೆಗಿನ ಜಗಳ ಅಲ್ಲೇ ಮುಗಿಯುತ್ತದೆ: ನೋಡಬೇಕಾದ್ದು ಪಾಸ್ ಕೊಟ್ಟವರ ಕೈ ಯಾವ ಕಡೆ ಚಲಿಸಿತು ಎಂಬುದನ್ನು, ಚೆಂಡು ಎಲ್ಲಿ ಬಿತ್ತು ಎಂಬುದನ್ನಲ್ಲ. ಜೋರಾಗಿ ಓಡುತ್ತಾ ಹಿಂದಕ್ಕೆ ಎಸೆದ ಚೆಂಡು ಆ ವೇಗಕ್ಕೇ ಒಂದಿಷ್ಟು ಮುಂದೆ ಸಾಗಬಹುದು.

ಆಮೇಲೆ ನಿಯಮ 14 (ಟ್ಯಾಕಲ್, ಅಂದರೆ ಚೆಂಡು ಹಿಡಿದವರನ್ನು ಹಿಡಿದು ಕೆಡವುವುದು) ಮತ್ತು 15 (ರಕ್, ಅಂದರೆ ನೆಲದ ಮೇಲಿನ ಚೆಂಡಿಗಾಗಿ ನಿಂತು ತಳ್ಳಾಡುವುದು). ಇವನ್ನು ಬಿಡಿಬಿಡಿಯಾಗಿ ಓದಲೇಬಾರದು. ರಕ್ ಆಗಬೇಕಾದರೆ ನೆಲದ ಮೇಲಿರುವ ಚೆಂಡಿನ ಮೇಲೆ ಎರಡೂ ತಂಡಗಳಿಂದ ಒಬ್ಬೊಬ್ಬರಾದರೂ ಕಾಲ ಮೇಲೆ ನಿಂತು ಪರಸ್ಪರ ತಾಗಿರಬೇಕು. 2017ರ ಫೆಬ್ರವರಿಯಲ್ಲಿ ಲಂಡನ್ನಿನ ಟ್ವಿಕನಮ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಇಟಲಿ ಹಿಡಿದದ್ದು ಈ ಸಾಲನ್ನೇ. ಟ್ಯಾಕಲ್ ಮಾಡಿದ ಮೇಲೆ ಅವರು ರಕ್‌ಗೆ ಹೋಗಲೇ ಇಲ್ಲ. ರಕ್ ಇಲ್ಲದ ಮೇಲೆ ಆಫ್‌ಸೈಡ್ ಗೆರೆಯೂ (ಆಟಗಾರರು ದಾಟಿ ನಿಲ್ಲಬಾರದ ಕಾಲ್ಪನಿಕ ಗೆರೆ) ಇಲ್ಲ. ಇಟಲಿಯವರು ಇಂಗ್ಲೆಂಡ್ ಕಡೆಗೇ ಹೋಗಿ ನಿಂತರು. ಏನು ಮಾಡಬೇಕೆಂದು ಕೇಳಿದ ಇಂಗ್ಲೆಂಡ್ ಆಟಗಾರರಿಗೆ ರೆಫರಿ ರೊಮೇನ್ ಪ್ವಾತ್, ತಾನು ರೆಫರಿಯೇ ಹೊರತು ಕೋಚ್ ಅಲ್ಲ ಎಂದರು. ಅದು ಸರಿಯಾದ ಮಾತೇ. ಬದಲಾಗಬೇಕಿದ್ದದ್ದು ನಿಯಮ, ಬದಲಾಯಿತು ಕೂಡ: ಈಗ ಟ್ಯಾಕಲ್ ಆದಾಗ ಚೆಂಡಿನ ಮೇಲೆ ಒಬ್ಬರು ಕಾಲ ಮೇಲೆ ನಿಂತರೂ ಆಫ್‌ಸೈಡ್ ಗೆರೆ ಹುಟ್ಟುತ್ತದೆ.

ನಿಯಮದ ಪಠ್ಯ ಹೇಳದ ಒಂದು ಸಂಗತಿ: ಟ್ಯಾಕಲ್ ಮಾಡಿದವರು 'ಕೂಡಲೇ' ಬಿಡಬೇಕು ಎಂದಿದೆ, ಆ 'ಕೂಡಲೇ'ಗೆ ಅಳತೆಯಿಲ್ಲ. ಅದಕ್ಕೆ ರೆಫರಿಗಳು ಸರದಿಯಲ್ಲಿ ನೋಡುತ್ತಾರೆ. ಮೊದಲು ಟ್ಯಾಕಲ್ ಮಾಡಿದವರು ಬಿಟ್ಟು ಸರಿದರೇ, ನಂತರ ಬಂದವರು ತಮ್ಮ ಕಡೆಯಿಂದಲೇ ಬಂದು ಕಾಲ ಮೇಲೆ ನಿಂತಿದ್ದಾರೆಯೇ, ಕೊನೆಗೆ ಬಿದ್ದವರು ಚೆಂಡು ಬಿಟ್ಟರೇ. ಮೊದಲ ತಪ್ಪು ಯಾರದೋ ಪೆನಾಲ್ಟಿ ಸಾಮಾನ್ಯವಾಗಿ ಅವರ ಮೇಲೆ. ಟಿವಿ ಮುಂದೆ ಕೂತ ನಾವು ಬಿದ್ದವರನ್ನೇ ನೋಡುತ್ತೇವೆ, ಅಲ್ಲೇ ಲೆಕ್ಕ ತಪ್ಪುವುದು.

ಉದ್ದೇಶಪೂರ್ವಕ ನಾಕ್ ಆನ್ (ಬೇಕೆಂದೇ ಚೆಂಡನ್ನು ಕೈಯಿಂದ ಮುಂದಕ್ಕೆ ತಟ್ಟುವುದು) ಇನ್ನೂ ಕಷ್ಟ. ಚೆಂಡು ಕೈಗೆ ಸಿಗುವ ನ್ಯಾಯವಾದ ನಿರೀಕ್ಷೆಯಿತ್ತೇ ಎನ್ನುವುದೇ ನಿಯಮದ ಪ್ರಶ್ನೆ. ಒಂದೇ ಕೈ, ಅಂಗೈ ಕೆಳಮುಖ ಎಂದರೆ ಪೆನಾಲ್ಟಿಗೆ ಹತ್ತಿರ.

ತಲೆಗೆ ಪೆಟ್ಟು ಬಿದ್ದಾಗ ರೆಫರಿ ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳು (ತಲೆಗೆ ತಾಗಿತೇ, ಅದು ಫೌಲ್ ಪ್ಲೇ ಅಂದರೆ ನಿಯಮಬಾಹಿರ ಆಟವೇ, ಅಪಾಯ ಎಷ್ಟು, ತೀವ್ರತೆ ತಗ್ಗಿಸುವ ಕಾರಣವಿದೆಯೇ) ನಿಯಮ 9ರ ಪಠ್ಯದಲ್ಲಿಲ್ಲ, ಮಾರ್ಗಸೂಚಿಗಳ ಬೇರೆ ವಿಭಾಗದಲ್ಲಿವೆ. ರೆಡ್ ಕಾರ್ಡ್ ಯೆಲ್ಲೋ ಆಗುವುದು ಈ ನಾಲ್ಕನೆಯ ಪ್ರಶ್ನೆಯಲ್ಲೇ. ಇಷ್ಟು ಮುಖ್ಯವಾದ್ದು ನಿಯಮದ ಪಕ್ಕದಲ್ಲೇ ಇರಬೇಕಿತ್ತು. ತಾಣದ ದೊಡ್ಡ ಕೊರತೆ ಇದೇ.

ಹಳೆಯ ಪುಸ್ತಕ ಜೊತೆಗಿಟ್ಟು ಓದುವವರು ಸಂಖ್ಯೆ ಗಮನಿಸಿ. 2018ರ ಪರಿಷ್ಕರಣೆಯಲ್ಲಿ 22 ನಿಯಮಗಳು 21 ಆದವು: ಹಳೆಯ 15 ಟ್ಯಾಕಲ್, 16 ರಕ್, 17 ಮಾಲ್ (ಚೆಂಡು ಹಿಡಿದು ನಿಂತವರನ್ನು ಸುತ್ತುವರಿದು ತಳ್ಳಾಡುವುದು); ಈಗ ಒಂದೊಂದು ಸಂಖ್ಯೆ ಹಿಂದೆ.