ಪ್ಲಾಸ್ಮಾ ಟಾರ್ಚಿನ ಕ್ಯಾಪ್ ತಿರುಗಿಸುವ ಮೊದಲು ಮೇನ್ ಆಫ್ ಮಾಡಿ

ನಾಲ್ಕೈದು ಮಂದಿ ಸೇರಿ ನಡೆಸುವ ಶೆಡ್ಡಿನಲ್ಲಿ ಪ್ಲಾಸ್ಮಾ ಕಟರ್ (ಒತ್ತಿದ ಗಾಳಿ ಮತ್ತು ವಿದ್ಯುತ್ ಆರ್ಕಿನಿಂದ ಲೋಹ ಕತ್ತರಿಸುವ ಮೆಷಿನ್) ಬಳಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಜುಲೈಯಲ್ಲಿ ನಾನು ಬದುಕಿ ಉಳಿದದ್ದು ಪಕ್ಕದಲ್ಲಿ ಒಬ್ಬರು ಇದ್ದರು ಎಂಬ ಒಂದೇ ಕಾರಣಕ್ಕೆ.

ಮಂಗಳೂರಿನ ಬೈಕಂಪಾಡಿಯಲ್ಲಿ ನಾವು ಐದು ಮಂದಿ ಒಂದು ಶೆಡ್ಡು ಬಾಡಿಗೆಗೆ ಹಿಡಿದಿದ್ದೇವೆ. ಲೇತ್ ಒಬ್ಬರದು, ಬೆಂಡಿಂಗ್ ಮೆಷಿನ್ ಇನ್ನೊಬ್ಬರದು. ಗಾಳಿ ಒತ್ತಿ ಕಟರಿಗೆ ಕೊಡುವ ಕಂಪ್ರೆಸರ್ ಮತ್ತು 60 ಆಂಪಿಯರಿನ ಪ್ಲಾಸ್ಮಾ ಕಟರ್ ಮಾತ್ರ ಎಲ್ಲರಿಗೂ ಸೇರಿದ್ದು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಲೇತಿಗೆ ದಿನಾ ಸಂಜೆ ಎಣ್ಣೆ ಬೀಳುತ್ತದೆ. ಕಂಪ್ರೆಸರಿನ ಟ್ಯಾಂಕಿನಿಂದ ನೀರು ಬಿಟ್ಟು ಎಷ್ಟು ದಿನವಾಯಿತು ಎಂದು ಆಮೇಲೆ ಕೇಳಿದಾಗ ಐದು ಮಂದಿಯೂ ಮುಖ ಮುಖ ನೋಡಿಕೊಂಡೆವು.

ಅವತ್ತು 8 ಎಂಎಂ ಪ್ಲೇಟಿನಲ್ಲಿ ಕಂಬದ ಬೇಸ್ ಪ್ಲೇಟುಗಳನ್ನು ಕತ್ತರಿಸಬೇಕಿತ್ತು. ಹೊರಗೆ ಬಿಡದೆ ಮಳೆ. ಕೈಯಲ್ಲಿ ಹಿಡಿದು ಕತ್ತರಿಸುವ ಟಾರ್ಚಿನ ಟ್ರಿಗರ್ ಒತ್ತಿದರೆ ಆರ್ಕ್ ಹತ್ತುತ್ತದೆ, ಎರಡು ಇಂಚು ಹೋಗುವಷ್ಟರಲ್ಲಿ ಪಟಪಟ ಸಿಡಿದು ಆರುತ್ತದೆ. ಕತ್ತರಿಸಿದ ಅಂಚು ಓರೆ, ಅಡಿಯಲ್ಲಿ ಸುತ್ತಿಗೆಗೂ ಬಗ್ಗದ ಕಿಟ್ಟ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಡಿಮ್ ಆಗುವುದು ಮಾಮೂಲಿ, ಹಾಗಾಗಿ ಮೊದಲು ವೋಲ್ಟೇಜ್ ಮೇಲೆ ಅನುಮಾನಪಟ್ಟೆ. ಸರಿಯಾಗಿಯೇ ಇತ್ತು. ಅರ್ತ್ ಕ್ಲ್ಯಾಂಪ್ ಕಚ್ಚಿದ ಜಾಗದ ಪೇಂಟ್ ಕೆರೆದೆ. ಅದೂ ಅಲ್ಲ. ಕೊನೆಗೆ ಟಾರ್ಚಿನ ತುದಿಯಲ್ಲಿ ಆರ್ಕ್ ಹತ್ತಿಸುವ ಎಲೆಕ್ಟ್ರೋಡ್, ಆರ್ಕ್ ಹೊರಬರುವ ತೂತಿನ ನಾಝಲ್ ಎರಡನ್ನೂ ಹೊಸದು ಹಾಕಿದೆ. ಹತ್ತು ನಿಮಿಷ ಚೆನ್ನಾಗಿ ಕತ್ತರಿಸಿತು, ಆಮೇಲೆ ಅದೇ ಕಥೆ. ಈ ಸಲ ಆರ್ಕಿನಲ್ಲಿ ಹಸಿರು ಬಣ್ಣ ಕಂಡಿತು. ಹಸಿರು ಕಂಡರೆ ಒಳಗೆ ತಾಮ್ರ ಕರಗುತ್ತಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಬೇಕಿತ್ತು. ಸಂಜೆಯೊಳಗೆ ಮಾಲು ಕೊಡಬೇಕೆಂಬ ಅವಸರ, ನಿಲ್ಲಿಸಲಿಲ್ಲ.

ಇನ್ನೊಂದು ಎಲೆಕ್ಟ್ರೋಡ್ ಹಾಕೋಣವೆಂದು, ಅವುಗಳನ್ನು ಹಿಡಿದಿಡುವ ಕ್ಯಾಪ್ ತಿರುಗಿಸಿ ತೆಗೆದೆ. ಮೆಷಿನ್ ಆನ್ ಇತ್ತು. ನಮ್ಮ ಟಾರ್ಚಿನಲ್ಲಿ ಕ್ಯಾಪಿನ ಒಳಗೆ ಒಂದು ಸಣ್ಣ ಪಿನ್ನಿನ ಸ್ವಿಚ್ ಉಂಟು. ಕ್ಯಾಪ್ ತೆಗೆದರೆ ಪಿನ್ ಹೊರಗೆ ಬಂದು ಮೆಷಿನ್ನಿಗೆ ಗೊತ್ತಾಗಬೇಕು, ಟ್ರಿಗರ್ ಒತ್ತಿದರೂ ಪವರ್ ಬರಬಾರದು. ಅದನ್ನೇ ನಂಬಿಕೊಂಡು ನೂರಾರು ಸಲ ಹಾಗೆ ಬದಲಾಯಿಸಿದ್ದೆ. ಗ್ಲೌಸ್ ತೆಗೆದಿದ್ದೆ. ಎಡಗೈಯಲ್ಲಿ ಟಾರ್ಚ್, ಎಡ ಮೊಣಕೈ ಪ್ಲೇಟಿನ ಮೇಲೆ, ಬಲಗೈ ಬೆರಳುಗಳಲ್ಲಿ ಎಲೆಕ್ಟ್ರೋಡ್. ಎಡಗೈ ಹೆಬ್ಬೆರಳು ಟ್ರಿಗರಿಗೆ ತಾಗಿತು.

ಶಾಕ್ ಹೊಡೆದಾಗ ಮುಷ್ಟಿ ಬಿಗಿಯಿತು. ಮುಷ್ಟಿ ಬಿಗಿದಂತೆ ಟ್ರಿಗರ್ ಇನ್ನಷ್ಟು ಒತ್ತಿತು. ಬಿಡಬೇಕೆಂದು ತಲೆಗೆ ಗೊತ್ತು, ಕೈಗೆ ಆಗುತ್ತಿಲ್ಲ. ಬಾಯಿಂದ ಸ್ವರವೂ ಹೊರಡಲಿಲ್ಲ. ಲೇತಿನ ಹತ್ತಿರ ಇದ್ದ ಅಣ್ಣ ನನ್ನ ಮುಖ ನೋಡಿ ಓಡಿಹೋಗಿ ಮೇನ್ ಎಳೆದರು, ನನ್ನನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಅವರಿಗೂ ಹೊಡೆಯುತ್ತಿತ್ತು. "ಕೈ ತೋರಿಸು ಮಾರಾಯ, ಉಸಿರು ಬರ್ತಾ ಉಂಟಾ?" ಎಂದು ಅವರು ಕೇಳಿದ್ದು ದೂರದಲ್ಲೆಲ್ಲೋ ಕೇಳಿಸಿದ ಹಾಗಿತ್ತು. ಬಲಗೈಯ ಎರಡು ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಸುಟ್ಟ ಕಲೆ, ಅಷ್ಟೇ. ಆದರೆ ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾದಿತ್ತು. ಇಸಿಜಿ ಮಾಡಿ ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಹೊರಗೆ ಸಣ್ಣ ಕಲೆ ಕಂಡರೂ ಎದೆಬಡಿತ ಏರುಪೇರಾಗಿರಬಹುದು, ಆದ್ದರಿಂದ ಇಂಥ ಶಾಕ್ ಹೊಡೆದರೆ ಡಾಕ್ಟರಿಗೆ ತೋರಿಸದೆ ಮನೆಗೆ ಹೋಗಬೇಡಿ.

ಮಾಮೂಲಿ ವೆಲ್ಡಿಂಗ್ ಮಾಡಿದವರಿಗೆ ಇಲ್ಲೊಂದು ತಪ್ಪು ಧೈರ್ಯ ಇರುತ್ತದೆ. ರಾಡ್ ವೆಲ್ಡಿಂಗ್ ಮೆಷಿನ್ನಿನಲ್ಲಿ ಆರ್ಕ್ ಹತ್ತುವ ಮೊದಲು ಹೋಲ್ಡರಿನಲ್ಲಿ ಇರುವುದು ಸಾಧಾರಣ 60ರಿಂದ 80 ವೋಲ್ಟ್. ಪ್ಲಾಸ್ಮಾದಲ್ಲಿ ಅದು 250, 300 ವೋಲ್ಟ್ ಡಿಸಿ, ಕೆಲವದರಲ್ಲಿ ಇನ್ನೂ ಹೆಚ್ಚು. ಎರಡೂ ಒಂದೇ ಎಂದುಕೊಳ್ಳಬೇಡಿ.

ಮರುದಿನ ಜೊತೆಯವರು ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಟಾರ್ಚಿನ ಹಿಡಿಯನ್ನು ಬಿಚ್ಚಿದರು. ಪಿನ್ ಸ್ವಿಚ್ಚಿನ ಎರಡು ವೈರುಗಳನ್ನು ಯಾರೋ ಮೊದಲೇ ಕತ್ತರಿಸಿ, ಒಂದಕ್ಕೊಂದು ಹೊಸೆದು, ಕಪ್ಪು ಟೇಪ್ ಸುತ್ತಿದ್ದರು. ಹಾಗಾಗಿ ಕ್ಯಾಪ್ ತೆಗೆದರೂ ಮೆಷಿನ್ನಿಗೆ ಗೊತ್ತಾಗುತ್ತಿರಲಿಲ್ಲ. ಟೇಪಿನ ಅಂಟು ಒಣಗಿ ಪುಡಿಯಾಗಿತ್ತು, ಅಂದರೆ ಹಳೆಯ ಕೆಲಸ. ಪಿನ್ ಕೈಕೊಡುತ್ತಿತ್ತೆಂದು ಯಾರೋ ಅವತ್ತಿನ ಕೆಲಸ ಮುಗಿಸಿಕೊಂಡು ಹೋಗಿದ್ದಾರೆ. ನಮ್ಮಲ್ಲಿ ಒಬ್ಬರೋ, ಮೆಷಿನ್ ಮಾರಿದವರೋ ಗೊತ್ತಾಗಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇದಕ್ಕೆ. ಸ್ವಿಚ್ ಕೆಟ್ಟರೆ ಮೆಷಿನ್ ನಿಲ್ಲುತ್ತದೆ, ನಾಲ್ಕು ಮಂದಿಗೆ ಗೊತ್ತಾಗುತ್ತದೆ. ಹೀಗೆ ಜೋಡಿಸಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟಕ್ಕೆಲ್ಲ ಮೂಲವಾದ ದೋಷ ಎಂತದ್ದು? ನೀರು. ಟ್ಯಾಂಕಿನ ಅಡಿಯ ಡ್ರೈನ್ ವಾಲ್ವ್ ಬಿಚ್ಚಿದಾಗ ಚಹಾದ ಬಣ್ಣದ, ಎಣ್ಣೆ ತೇಲುವ ನೀರು ಅರ್ಧ ಬಕೆಟ್ ಬಂತು. ಫಿಲ್ಟರಿನ ಬಟ್ಟಲು ಕುತ್ತಿಗೆವರೆಗೆ ತುಂಬಿತ್ತು. ಲೆಕ್ಕ ಹಾಕಿ ನೋಡಿ: 30 ಡಿಗ್ರಿ ಸೆಕೆ, ನೂರಕ್ಕೆ 90ರಷ್ಟು ತೇವ ಇರುವ ನಮ್ಮ ಕರಾವಳಿಯ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 27 ಗ್ರಾಂ ನೀರಿನ ಆವಿ ಇರುತ್ತದೆ. ನಿಮಿಷಕ್ಕೆ 200 ಲೀಟರ್ ಗಾಳಿ ಎಳೆಯುವ ಕಂಪ್ರೆಸರ್ ಒಂದು ಗಂಟೆ ಬಿಡದೆ ಓಡಿದರೆ 300 ಗ್ರಾಮಿಗೂ ಹೆಚ್ಚು ನೀರನ್ನು ಒಳಗೆ ಎಳೆಯುತ್ತದೆ. ಒತ್ತಿದ ಗಾಳಿ ತಣಿದಾಗ ಅದರಲ್ಲಿ ಹೆಚ್ಚಿನದು ಟ್ಯಾಂಕಿನಲ್ಲೂ ಪೈಪಿನಲ್ಲೂ ನಿಲ್ಲುತ್ತದೆ, ಅಲ್ಲಿಂದ ಟಾರ್ಚಿಗೆ. ತೇವದ ಗಾಳಿಗೆ ಆರ್ಕ್ ನೆಟ್ಟಗೆ ನಿಲ್ಲುವುದಿಲ್ಲ. ಎಲೆಕ್ಟ್ರೋಡಿನ ನಡುವೆ ಇರುವ ಹ್ಯಾಫ್ನಿಯಂ ಎಂಬ ಲೋಹದ ಚುಕ್ಕಿ ಬೇಗ ಸವೆದು ಕುಳಿ ಬೀಳುತ್ತದೆ. ಆ ಕುಳಿ ಒಂದೂವರೆ ಎಂಎಂ ಆಳವಾದರೆ ಎಲೆಕ್ಟ್ರೋಡ್ ಬದಲಾಯಿಸಬೇಕು ಎನ್ನುತ್ತಾರೆ. ನಾನು ಆ ದಿನ ಹಾಕಿದ್ದ ಹೊಸದು ಅದನ್ನೂ ದಾಟಿತ್ತು, ನಾಝಲಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ನೀರು ಉಂಟೋ ಇಲ್ಲವೋ ನೋಡಲು ಟಾರ್ಚ್ ಬಿಚ್ಚಬೇಕಾಗಿಯೇ ಇಲ್ಲ. ಮೆಷಿನ್ನಿನಲ್ಲಿ ಏರ್ ಟೆಸ್ಟ್ ಸ್ವಿಚ್ ಇದ್ದರೆ ಅದನ್ನು ಹಾಕಿ, ಟ್ರಿಗರಿನಿಂದ ಕೈ ದೂರ ಇಟ್ಟು, ನಾಝಲಿನ ಮುಂದೆ ಒಂದು ಬಿಳಿ ಕಾಗದವನ್ನು ಅರ್ಧ ನಿಮಿಷ ಹಿಡಿಯಿರಿ. ಒದ್ದೆ ಚುಕ್ಕಿ ಅಥವಾ ಎಣ್ಣೆ ಕಲೆ ಬಿದ್ದರೆ ದೋಷ ಗಾಳಿಯದ್ದು. ಒಂದು ಕಾಗದದಲ್ಲಿ ಮುಗಿಯುವ ಪರೀಕ್ಷೆ ಬಿಟ್ಟು ನಾನು ಎರಡು ಎಲೆಕ್ಟ್ರೋಡ್ ಸುಟ್ಟೆ, ಜೀವ ಕಳೆದುಕೊಳ್ಳುವುದರಲ್ಲಿದ್ದೆ. ಮೆಷಿನ್ನಿನ ಡಬ್ಬಿ ಬಿಚ್ಚುವ ಯೋಚನೆ ಇದ್ದರೆ ಅದೂ ಬೇಡ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಈಗ ನಮ್ಮಲ್ಲಿ ಟ್ಯಾಂಕಿನ ನೀರು ಹೊರಬಿಟ್ಟವರು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗೀಟು ಹಾಕಬೇಕು. ಮಳೆಗಾಲದಲ್ಲಿ ದಿನಕ್ಕೆ ಎರಡು ಗೀಟು. ಪಿನ್ ಸ್ವಿಚ್ ಹೊಸದು ಹಾಕಿಸಿದೆವು.

ನಿಮ್ಮ ಶೆಡ್ಡಿನ ಟಾರ್ಚಿನಲ್ಲಿ ಇಂಥ ಸ್ವಿಚ್ ಇದ್ದರೆ ಇವತ್ತೇ ನೋಡಿ. ಮೆಷಿನ್ ಆಫ್ ಮಾಡಿ ಕ್ಯಾಪ್ ತೆಗೆಯಿರಿ, ಟಾರ್ಚನ್ನು ಒಣ ಹಲಗೆಯ ಮೇಲೆ ಮಲಗಿಸಿ, ಕೈ ತೆಗೆದು ಆಮೇಲೆ ಮೆಷಿನ್ ಆನ್ ಮಾಡಿ. ಟ್ರಿಗರ್ ಮುಟ್ಟಬೇಡಿ. ದೋಷ ತೋರಿಸುವ ಲೈಟ್ ಹತ್ತಬೇಕು. ಹತ್ತದಿದ್ದರೆ ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಟಾರ್ಚಿಗೆ ದೊಡ್ಡ ಅಕ್ಷರದ ಚೀಟಿ ಕಟ್ಟಿ. ನಾಳೆ ಬೆಳಿಗ್ಗೆ ಅದನ್ನು ಕೈಗೆ ತೆಗೆದುಕೊಳ್ಳುವವರು ನೀವಾಗಿರಲಿಕ್ಕಿಲ್ಲ.