ಲಗ್ನಪತ್ರಿಕೆ, ಪೋಸ್ಟರ್, ಸ್ಮರಣ ಸಂಚಿಕೆ: ಕನ್ನಡದ ಕೆಲಸಕ್ಕೆ ಯಾವ ತಂತ್ರಾಂಶ?

ವರ್ಡ್‌ನಲ್ಲಿ ಸರಿಯಾಗಿ ಕಾಣುತ್ತಿದ್ದ ‘ಸ್ತ್ರೀ’ ಹಳೆಯ ಫೋಟೊಶಾಪಿಗೆ ಹೋದ ಕೂಡಲೇ ಬಿಡಿಬಿಡಿಯಾಗಿ ಸ, ತ, ರ ಎಂದು ಸಾಲಾಗಿ ನಿಲ್ಲುತ್ತದೆ. ‘ಸೂರ್ಯ’ದ ಅರ್ಕಾವತ್ತು ತನ್ನ ಜಾಗಕ್ಕೆ ಹೋಗುವುದಿಲ್ಲ. ಮನೆಯಲ್ಲೇ ಆಹ್ವಾನ ಪತ್ರಿಕೆ, ಸಂಘದ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ ಮಾಡಲು ಕೂತವರಲ್ಲಿ ಬಹಳ ಮಂದಿ ಇಲ್ಲಿಗೇ ಕೈಬಿಟ್ಟು ಡಿಟಿಪಿ ಅಂಗಡಿಗೆ ಹೋಗುತ್ತಾರೆ. ಹಾಗೆ ಮಾಡಬೇಕಾದ ಅಗತ್ಯ ಈಗಿಲ್ಲ. ಆದರೆ ಯಾವ ಕೆಲಸಕ್ಕೆ ಯಾವ ತಂತ್ರಾಂಶ ಎಂಬುದು ಮೊದಲೇ ತಿಳಿದಿರಬೇಕು.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಸ್ತ್ರೀ’ ಎಂದರೆ ಆರು ಸಂಕೇತಗಳು: ಸ, ವಿರಾಮ (ಅಕ್ಷರವನ್ನು ಅರ್ಧವಾಗಿಸುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಗುಣಿತ. ಇವನ್ನು ಒಂದು ಅಕ್ಷರವಾಗಿ ಕಟ್ಟುವ ನಿಯಮಗಳು ಫಾಂಟಿನೊಳಗೆ ಇರುತ್ತವೆ. ಆ ನಿಯಮಗಳನ್ನು ಓದಿ ಜಾರಿಗೆ ತರುವ ಎಂಜಿನ್ ತಂತ್ರಾಂಶದಲ್ಲಿ ಇರಬೇಕು. ಹಾರ್ಫ್‌ಬಜ್ ಎಂಬ ಮುಕ್ತ ಎಂಜಿನ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ರೇಖಾಚಿತ್ರಕ್ಕಿರುವ ಇಂಕ್‌ಸ್ಕೇಪ್ ಮತ್ತು ಫೋಟೊ ತಿದ್ದುವ ಗಿಂಪ್ ಅದನ್ನೇ ಬಳಸುತ್ತವೆ, ವರ್ಡ್‌ನಂಥ ಲಿಬ್ರೆ ಆಫೀಸ್ 5.3ರಿಂದ ಎಲ್ಲ ಕಡೆ ಅದನ್ನೇ ನೆಚ್ಚಿಕೊಂಡಿದೆ, ಪುಟ ಜೋಡಿಸುವ ಸ್ಕ್ರೈಬಸ್‌ಗೆ ಅದು 1.5.3ರಲ್ಲಿ ಬಂತು. ಅಕ್ಷರ ಒಡೆದರೆ ‘ಫಾಂಟ್ ಸರಿಯಿಲ್ಲ’ ಎಂದು ಹೊಸ ಹೊಸ ಫಾಂಟ್ ಇಳಿಸಿಕೊಳ್ಳುತ್ತಾ ಹೋಗಬೇಡಿ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಎಂಜಿನ್ನಿನದು, ಇಲ್ಲವೇ ಅದನ್ನು ಆರಿಸುವ ಸೆಟ್ಟಿಂಗಿನದು.

ಇಲ್ಲಿನ ಹೋಲಿಕೆಗೆ 5×7 ಇಂಚಿನ ಒಂದೇ ಆಹ್ವಾನ ಪತ್ರಿಕೆಯನ್ನು, ನೋಟೊ ಸೆರಿಫ್ ಕನ್ನಡ ಫಾಂಟಿನಲ್ಲಿ, ಎಲ್ಲದರಲ್ಲೂ ಮಾಡಿ ನೋಡಿದ್ದು. ಯಾವ ತಂತ್ರಾಂಶವನ್ನಾದರೂ ಪರೀಕ್ಷಿಸಲು ಈ ಪದಗಳು ಸಾಕು: ಸ್ವಾತಂತ್ರ್ಯೋತ್ಸವ, ರಾಷ್ಟ್ರ, ಕೀರ್ತಿ, ಲಕ್ಷ್ಮೀ, ಜ್ಞಾನ, ಕರ್ತೃ, ಸಾಫ್ಟ್‌ವೇರ್. ಮೊದಲನೆಯದರಲ್ಲಿ ಒತ್ತಿನ ಕೆಳಗೆ ಒತ್ತು, ಅದರ ಮೇಲೆ ಓಕಾರ ಇದೆ. ಕೊನೆಯದರಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆ ಇದೆ. ಅದನ್ನು ಗೌರವಿಸದ ತಂತ್ರಾಂಶ ‘ವೇ’ಯನ್ನು ‘ಟ’ದ ಕೆಳಗೆ ಒತ್ತಾಗಿ ಕೂರಿಸಿಬಿಡುತ್ತದೆ.

ಇಂಕ್‌ಸ್ಕೇಪ್ ಮತ್ತು ಗಿಂಪ್

ಒಂದು ಪುಟದ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಇಂಕ್‌ಸ್ಕೇಪ್. ಯಾವ ಸೆಟ್ಟಿಂಗ್ ಮುಟ್ಟದೆಯೂ ಎಲ್ಲ ಪರೀಕ್ಷಾ ಪದಗಳು ಸರಿಯಾಗಿ ಬರುತ್ತವೆ. ಅಕ್ಷರಗಳು ರೇಖಾರೂಪದಲ್ಲೇ ಉಳಿಯುವುದರಿಂದ ಎಷ್ಟು ದೊಡ್ಡದು ಮಾಡಿದರೂ ಅಂಚು ಹರಿತವಾಗಿರುತ್ತದೆ. ಪುಟವನ್ನು ಕತ್ತರಿಸುವ ಅಳತೆಗಿಂತ ಸುತ್ತ 3 ಮಿಮೀ ದೊಡ್ಡದಾಗಿ ಇಟ್ಟುಕೊಳ್ಳಿ. 5×7 ಇಂಚಿನ ಪತ್ರಿಕೆಗೆ ಅದು 133×183.8 ಮಿಮೀ ಆಗುತ್ತದೆ. ಹಿನ್ನೆಲೆಯ ಬಣ್ಣ ಆ ಅಂಚಿನವರೆಗೂ ಹೋಗಬೇಕು, ಅಕ್ಷರಗಳು ಮಾತ್ರ ಕತ್ತರಿ ಬೀಳುವ ಗೆರೆಯಿಂದ ಕನಿಷ್ಠ 5 ಮಿಮೀ ಒಳಗಿರಲಿ.

ಸಾಲುಗಳ ನಡುವಿನ ಅಂತರ ಇಂಕ್‌ಸ್ಕೇಪಿನಲ್ಲಿ ತಾನಾಗಿಯೇ 1.25 ಇರುತ್ತದೆ. ಇಂಗ್ಲಿಷಿಗೆ ಅದು ಸಾಕು, ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ‘ಷ್ಟ್ರ’ ಕೆಳಗಿನ ಸಾಲಿನ ‘ಕೀ’ಯ ಗುಡಿಸಿಗೆ ಬಡಿಯುತ್ತದೆ. ಒಡಲಿಗೆ 1.5, ಶೀರ್ಷಿಕೆಗೆ 1.4 ಇಟ್ಟರೆ ಸರಿಹೋಗುತ್ತದೆ. ಫೋಟೊಶಾಪಿನಂಥ ಅಡೋಬಿಯ ತಂತ್ರಾಂಶಗಳಲ್ಲಿ ಇದೇ ಅಂತರ ಶೇ. 120 ಇರುತ್ತದೆ, ಅಲ್ಲಿ 14 ಪಾಯಿಂಟ್ ಅಕ್ಷರಕ್ಕೆ 20 ಅಥವಾ 21 ಪಾಯಿಂಟ್ ಕೊಡಿ. ಅಕ್ಷರಗಳ ನಡುವಿನ ಅಂತರವನ್ನಂತೂ ಎಲ್ಲಿಯೂ ಸೊನ್ನೆಯಲ್ಲೇ ಬಿಡಿ. ಇಂಗ್ಲಿಷ್ ಪೋಸ್ಟರುಗಳಲ್ಲಿ ಚೆಂದ ಕಾಣುವ ಹರಡಿದ ಅಕ್ಷರಗಳ ಶೈಲಿ ಕನ್ನಡದಲ್ಲಿ ದೀರ್ಘವನ್ನೂ ಒತ್ತನ್ನೂ ತಾಯಕ್ಷರದಿಂದ ದೂರ ಸರಿಸುತ್ತದೆ.

ಇಂಕ್‌ಸ್ಕೇಪಿನಲ್ಲಿ ಕಾಡುವ ಒಂದು ತೊಂದರೆ ಅಂಚುಗೆರೆಯದು. ‘ಶುಭ ವಿವಾಹ’ ಎಂದು ಬರೆದು ಸುತ್ತ ಬಂಗಾರದ ಬಣ್ಣದ ಗೆರೆ ಕೊಟ್ಟರೆ, ತಲೆಕಟ್ಟು, ಗುಣಿತ, ಒಡಲು ಒಂದನ್ನೊಂದು ದಾಟುವ ಜಾಗಗಳಲ್ಲಿ ಗೆರೆಗಳು ಅಕ್ಷರದ ಒಳಗೂ ಕಾಣಿಸುತ್ತವೆ. ಫಾಂಟಿನಲ್ಲಿ ಆ ತುಂಡುಗಳು ಬೇರೆ ಬೇರೆ ಆಕಾರಗಳಾಗಿ ಒಂದರ ಮೇಲೊಂದು ಕೂತಿರುವುದೇ ಇದಕ್ಕೆ ಕಾರಣ. ಫಿಲ್ ಅಂಡ್ ಸ್ಟ್ರೋಕ್ ಫಲಕದ ಸ್ಟ್ರೋಕ್ ಸ್ಟೈಲ್‌ನಲ್ಲಿ ‘ಆರ್ಡರ್’ ಎಂಬುದಿದೆ. ಗೆರೆ ಮೊದಲು, ತುಂಬುವ ಬಣ್ಣ ಅದರ ಮೇಲೆ ಬರುವಂತೆ ಬದಲಿಸಿದರೆ ಒಳಗಿನ ಗೆರೆಗಳು ಮುಚ್ಚಿಹೋಗುತ್ತವೆ. ಇನ್ನೂ ಗಟ್ಟಿಯಾದ ದಾರಿ ಎಂದರೆ ಶಿಫ್ಟ್+ಕಂಟ್ರೋಲ್+ಸಿ ಒತ್ತಿ ಅಕ್ಷರವನ್ನು ಪಾಥ್ (ಬರೀ ಗೆರೆಗಳ ಆಕಾರ) ಆಗಿಸಿ, ಗುಂಪು ಬಿಡಿಸಿ, ಪಾಥ್ ಮೆನುವಿನಲ್ಲಿ ಯೂನಿಯನ್ ಕೊಡುವುದು. ಪಾಥ್ ಆದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ, ಹಾಗಾಗಿ ಮೊದಲು ಕಡತದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಇನ್ನೊಂದು ತೊಂದರೆ ಮೊದಲ ನೋಟಕ್ಕೆ ಗೊತ್ತಾಗುವುದಿಲ್ಲ. ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೂ ಇಂಕ್‌ಸ್ಕೇಪ್ ಮತ್ತು ಗಿಂಪ್ ಸಿಸ್ಟಮ್ಮಿನಲ್ಲಿರುವ ಬೇರೊಂದು ಕನ್ನಡ ಫಾಂಟನ್ನು ತಂದು ತೋರಿಸುತ್ತವೆ. ಏರಿಯಲ್ ಆರಿಸಿದವರಿಗೆ ವಿಂಡೋಸಿನಲ್ಲಿ ನಿರ್ಮಲಾ ಯುಐ ಕಾಣಬಹುದು, ಲಿನಕ್ಸಿನಲ್ಲಿ ಅದೇ ಕಡತ ತೆರೆದರೆ ಲೋಹಿತ್ ಕಾಣಬಹುದು. ಸಾಲುಗಳೆಲ್ಲ ಜರುಗಿಹೋಗುತ್ತವೆ. ಫಾಂಟಿನ ಹೆಸರನ್ನು ಪಟ್ಟಿಯಿಂದ ನೋಡಿಯೇ ಆರಿಸಿ, ಪಿಡಿಎಫ್ ಉಳಿಸುವಾಗ ‘ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್’ ಗುರುತು ಹಾಕಿ.

ಗಿಂಪ್ ಕೂಡ ಕನ್ನಡವನ್ನು ತಪ್ಪಿಲ್ಲದೆ ಕಟ್ಟುತ್ತದೆ. ಆದರೆ ಅದು ಚುಕ್ಕಿಗಳ ಲೋಕ. ಅಕ್ಷರದ ಪದರವನ್ನು ಸ್ಕೇಲ್ ಸಾಧನದಿಂದ ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ, ಗಾತ್ರವನ್ನು ಟೆಕ್ಸ್ಟ್ ಸಾಧನದಲ್ಲೇ ಬದಲಿಸಬೇಕು. ಎ4 ಪುಟಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 2480×3508 ಪಿಕ್ಸೆಲ್ ಇಟ್ಟುಕೊಂಡೇ ಶುರು ಮಾಡಿ, 72 ಡಿಪಿಐನಲ್ಲಿ ಮಾಡಿ ಆಮೇಲೆ ಹಿಗ್ಗಿಸಿದರೆ ಫಲವಿಲ್ಲ. ಮಾರ್ಚ್ 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಅಕ್ಷರಕ್ಕೆ ಅಂಚುಗೆರೆ ಕೊಡುವ ಸೌಲಭ್ಯ ಟೆಕ್ಸ್ಟ್ ಸಾಧನದಲ್ಲೇ ಸಿಗುತ್ತದೆ. ಫೋಟೊ ಮೇಲೆ ಎರಡು ಸಾಲು ಬರೆದು ವಾಟ್ಸ್ಯಾಪ್‌ನಲ್ಲಿ ಹಂಚುವ ಶುಭಾಶಯಕ್ಕೆ ಗಿಂಪ್ ಸಾಕು. ಅಚ್ಚಿಗೆ ಹೋಗುವ ಸಣ್ಣ ಅಕ್ಷರಗಳಿಗೆ ಅದನ್ನು ಬಳಸಬೇಡಿ.

ಅಚ್ಚಿನ ಕಪ್ಪು, ಸ್ಕ್ರೈಬಸ್‌ನ ಹೆಚ್ಚುಗಾರಿಕೆ

ಇಂಕ್‌ಸ್ಕೇಪಿನ ದೊಡ್ಡ ಕೊರತೆ ಬಣ್ಣದ್ದು. ಅದರ ಪಿಡಿಎಫ್ ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿಯ ಲೆಕ್ಕದಲ್ಲಿ ಬರುತ್ತದೆ. ಆಫ್‌ಸೆಟ್ ಪ್ರೆಸ್ಸಿಗೆ ಬೇಕಾದದ್ದು ಸಿಎಂವೈಕೆ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳ ಲೆಕ್ಕ. ಆರ್‌ಜಿಬಿಯ ಅಚ್ಚಗಪ್ಪು ಪರಿವರ್ತನೆಯಲ್ಲಿ ನಾಲ್ಕೂ ಶಾಯಿಗಳ ಮಿಶ್ರಣವಾಗಿಬಿಡುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ 9 ಪಾಯಿಂಟಿನ ‘ಸ್ಥಳ’, ‘ಮುಹೂರ್ತ’ದ ಸಾಲುಗಳ ಸುತ್ತ ಬಣ್ಣದ ನೆರಳು ಕಾಣುತ್ತದೆ, ಸಣ್ಣ ಒತ್ತುಗಳ ಹೊಟ್ಟೆ ತುಂಬಿಹೋಗುತ್ತದೆ. ಕನ್ನಡದ ಅಕ್ಷರಗಳಲ್ಲಿ ಸುರುಳಿ ಹೆಚ್ಚು, ಆದ್ದರಿಂದ ಈ ಕೆಡುಕು ಇಂಗ್ಲಿಷಿಗಿಂತ ನಮಗೆ ಜಾಸ್ತಿ.

ಸ್ಕ್ರೈಬಸ್ ಇಲ್ಲಿ ಗೆಲ್ಲುತ್ತದೆ. ಉಚಿತ, ಸಿಎಂವೈಕೆ ಬರುತ್ತದೆ, ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್ ಮಾದರಿಗಳಲ್ಲಿ ಉಳಿಸಬಹುದು. 1.4 ಆವೃತ್ತಿ ಕನ್ನಡವನ್ನು ಒಡೆಯುತ್ತಿತ್ತು. ‘ಸ್ಕ್ರೈಬಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎಂಬ ಹಳೆಯ ಮಾತು ಅದರಿಂದ ಹುಟ್ಟಿದ್ದು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಪರೀಕ್ಷಾ ಪದಗಳೆಲ್ಲ ಸರಿಯಾಗಿವೆ. ಇದು ಇಂಕ್‌ಸ್ಕೇಪಿನ ಹಾಗೆ ಬದಲಿ ಫಾಂಟ್ ತರುವುದಿಲ್ಲ, ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಬರೀ ಚೌಕ ತೋರಿಸುತ್ತದೆ. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಾರೆ, ಆದರೆ ಅಚ್ಚಿನ ದೃಷ್ಟಿಯಿಂದ ಇದೇ ಒಳ್ಳೆಯದು: ಗೊತ್ತಿಲ್ಲದೆ ಬೇರೆ ಫಾಂಟ್ ನುಸುಳುವುದಿಲ್ಲ.

ಎರಡನ್ನೂ ಸೇರಿಸಿ ಹೀಗೆ ಬಳಸಿ. ಅಲಂಕಾರ, ಶೀರ್ಷಿಕೆ, ಗಣಪತಿಯ ಚಿತ್ರ ಇಂಕ್‌ಸ್ಕೇಪಿನಲ್ಲಿ. ಅಕ್ಷರಗಳನ್ನು ಪಾಥ್ ಮಾಡಿ ಎಸ್‌ವಿಜಿ (ರೇಖಾಚಿತ್ರದ ಕಡತ) ಆಗಿ ಉಳಿಸಿ. ಸ್ಕ್ರೈಬಸ್‌ನಲ್ಲಿ ಅದನ್ನು ವೆಕ್ಟರ್ ಕಡತವಾಗಿ ಆಮದು ಮಾಡಿಕೊಂಡು, ಎಡಿಟ್ ಮೆನುವಿನ ಬಣ್ಣಗಳ ಪಟ್ಟಿ ತೆರೆಯಿರಿ. ಎಸ್‌ವಿಜಿಯಿಂದ ಬಂದ ಕಪ್ಪು ಬೇರೆ ಹೆಸರಿನಲ್ಲಿ ಕೂತಿರುತ್ತದೆ. ಅದನ್ನು ಸಿಎಂವೈಕೆಗೆ ಬದಲಿಸಿ, ಮೊದಲ ಮೂರು ಶಾಯಿ 0, ಕಪ್ಪು 100 ಎಂದು ಕೊಡಿ. ವಿಳಾಸ, ಸಮಯದಂಥ ಸಣ್ಣ ಅಕ್ಷರಗಳನ್ನು ಸ್ಕ್ರೈಬಸ್‌ನಲ್ಲೇ ಅದರ ‘ಬ್ಲ್ಯಾಕ್’ ಬಣ್ಣದಲ್ಲಿ ಜೋಡಿಸಿ. ಪ್ರಿಂಟ್ ಪ್ರಿವ್ಯೂನಲ್ಲಿ ಸಯಾನ್, ಮಜೆಂಟಾ, ಹಳದಿಯ ಗುರುತು ತೆಗೆದು ಕಪ್ಪನ್ನು ಮಾತ್ರ ನೋಡಿ. ಸಣ್ಣ ಅಕ್ಷರಗಳೆಲ್ಲ ಅಲ್ಲಿ ಗಾಢವಾಗಿ ಉಳಿದಿರಬೇಕು. ಕಪ್ಪಿನ ಗುರುತು ತೆಗೆದಾಗ ಅವು ಪೂರ್ತಿ ಮಾಯವಾಗಬೇಕು.

ಸ್ಮರಣ ಸಂಚಿಕೆಯಂಥ ಬಹುಪುಟದ ಕೆಲಸವೂ ಇದರಲ್ಲಿ ಆಗುತ್ತದೆ, ಆದರೆ ಒಂದಕ್ಕೊಂದು ಕೊಂಡಿ ಹಾಕಿದ ಉದ್ದನೆಯ ಪಠ್ಯ ಹೆಚ್ಚಾದಷ್ಟೂ ನಿಧಾನವಾಗುತ್ತದೆ. ಲೇಖನಕ್ಕೊಂದು ಸರಪಳಿ ಇರಲಿ, ಇಡೀ ಸಂಚಿಕೆಗೆ ಒಂದೇ ಬೇಡ. ಚಿತ್ರಗಳು ಕಡತದೊಳಗೆ ಸೇರುವುದಿಲ್ಲ, ಅವುಗಳ ಜಾಗದ ನೆನಪು ಮಾತ್ರ ಇರುತ್ತದೆ. ಬೇರೆ ಕಂಪ್ಯೂಟರಿಗೆ ಒಯ್ಯುವ ಮುನ್ನ ‘ಕಲೆಕ್ಟ್ ಫಾರ್ ಔಟ್‌ಪುಟ್’ ಕೊಟ್ಟು ಎಲ್ಲವನ್ನೂ ಒಂದೇ ಫೋಲ್ಡರಿಗೆ ತನ್ನಿ.

ಚಿತ್ರ ಕಡಿಮೆ ಇರುವ ಕಥಾಸಂಕಲನಕ್ಕೆ ಲಿಬ್ರೆ ಆಫೀಸ್ ರೈಟರ್ ಸಾಕು. ಅಲ್ಲಿ ಒಂದು ಸಿಕ್ಕು ಮಾತ್ರ ಬಿಡಿಸಿಕೊಳ್ಳಬೇಕು: ಕನ್ನಡ ಅಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್’ (ಸಿಟಿಎಲ್) ವಿಭಾಗಕ್ಕೆ ಸೇರುತ್ತದೆ. ಶೈಲಿ ತಿದ್ದುವಾಗ ವೆಸ್ಟರ್ನ್ ವಿಭಾಗದಲ್ಲಿ ಗಾತ್ರ ಬದಲಿಸಿದರೆ ಇಂಗ್ಲಿಷ್ ಪದಗಳು ಮಾತ್ರ ಬದಲಾಗಿ ಕನ್ನಡ ಹಾಗೇ ಉಳಿಯುತ್ತದೆ. ಟೂಲ್ಸ್, ಆಪ್ಷನ್ಸ್, ಭಾಷೆಯ ಸೆಟ್ಟಿಂಗಿನಲ್ಲಿ ಸಿಟಿಎಲ್ ಗುರುತು ಹಾಕಿ, ಭಾಷೆ ಕನ್ನಡ ಎಂದು ಆರಿಸಿ, ಶೈಲಿಯ ಆ ವಿಭಾಗದಲ್ಲೇ ಫಾಂಟ್ ಮತ್ತು ಗಾತ್ರ ಕೊಡಿ.

ಅಡೋಬಿ

ಚಂದಾ ಕಟ್ಟುವ ಶಕ್ತಿ ಇದ್ದರೆ ಪುಸ್ತಕ, ಪತ್ರಿಕೆಗೆ ಇನ್‌ಡಿಸೈನ್ ಇವತ್ತಿಗೂ ಎಲ್ಲಕ್ಕಿಂತ ಮೇಲು. ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿದರೆ ಒಡೆದ ಅಕ್ಷರಗಳು ಕೂಡಿಕೊಳ್ಳುತ್ತವೆ. ಪ್ರತಿ ಪ್ಯಾರಾಗೂ ಕೈಯಿಂದ ಕೊಡುತ್ತಾ ಕೂರಬೇಡಿ. ಪ್ಯಾರಾಗ್ರಾಫ್ ಶೈಲಿಯ ಜಸ್ಟಿಫಿಕೇಶನ್ ಪುಟದಲ್ಲಿ ಕಂಪೋಸರ್ ಎಂಬ ಆಯ್ಕೆ ಇದೆ, ಅಲ್ಲೇ ಹಾಕಿಡಿ. ಕನ್ನಡದ ಪದಗಳು ಉದ್ದ. ಕಿರಿದಾದ ಕಾಲಂನಲ್ಲಿ ಎರಡೂ ಬದಿ ಸಮ ಮಾಡಿದರೆ ಪದಗಳ ನಡುವೆ ಬಿಳಿ ಕಂದಕಗಳು ಬೀಳುತ್ತವೆ. ಎ4 ಪುಟವನ್ನು ಎರಡು ಕಾಲಂಗಿಂತ ಹೆಚ್ಚು ಒಡೆಯಬೇಡಿ, ಇಲ್ಲವೇ ಎಡಕ್ಕೆ ಮಾತ್ರ ಸಮ ಮಾಡಿ.

ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಅಥವಾ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ, ತಂತ್ರಾಂಶ ಮುಚ್ಚಿ ತೆರೆದು, ಹೊಸ ಕಡತದಲ್ಲಿ ಶುರು ಮಾಡಬೇಕು. ಈಚಿನ ಆವೃತ್ತಿಗಳಲ್ಲಿ ಎಲ್ಲ ಭಾಷೆಗೂ ಒಂದೇ ಎಂಜಿನ್ ಇರುವುದರಿಂದ ಈ ಗೋಜಿಲ್ಲ. ಇಲಸ್ಟ್ರೇಟರಿನಲ್ಲಿ ಟೈಪ್ ವಿಭಾಗದ ‘ಶೋ ಇಂಡಿಕ್ ಆಪ್ಷನ್ಸ್’ ಗುರುತು ಹಾಕಿದ ಮೇಲೆ ಕಂಪೋಸರ್ ಕಾಣಿಸುತ್ತದೆ. ಫೋಟೊಶಾಪಿನಲ್ಲಿ ಮಾಡಿದ್ದನ್ನು ಪ್ರೆಸ್ಸಿಗೆ ಕೊಡುವುದಾದರೆ ಜೆಪಿಜಿ ಮಾಡದೆ ಫೋಟೊಶಾಪ್ ಪಿಡಿಎಫ್ ಆಗಿ ಉಳಿಸಿ, ಅಕ್ಷರ ರೇಖಾರೂಪದಲ್ಲೇ ಹೋಗುತ್ತದೆ.

ಚಂದಾ ಬೇಡವೆಂದು ಅಫಿನಿಟಿ ಎಂಬ ವಿನ್ಯಾಸ ತಂತ್ರಾಂಶದ 1 ಅಥವಾ 2ನೇ ಆವೃತ್ತಿಯನ್ನು ಕನ್ನಡಕ್ಕಾಗಿ ಹಾಕಿಕೊಳ್ಳಬೇಡಿ. ಉಳಿದೆಲ್ಲದರಲ್ಲಿ ಚೆನ್ನಾಗಿದ್ದರೂ ಅವು ಒತ್ತಕ್ಷರ ಕಟ್ಟುವುದಿಲ್ಲ.

ಕೋರೆಲ್ ಡ್ರಾ ಮತ್ತು ನುಡಿಯ ಹಳೆಯ ಫಾಂಟ್

ಇಷ್ಟೆಲ್ಲ ಇದ್ದರೂ ಊರಿನ ಪ್ರೆಸ್ಸಿನಲ್ಲಿ ‘ನುಡಿಯಲ್ಲಿ ಟೈಪ್ ಮಾಡಿ ಕೋರೆಲ್‌ನಲ್ಲಿ ಕೊಡಿ’ ಎನ್ನುವುದುಂಟು. ಅದಕ್ಕೆ ಗಟ್ಟಿ ಕಾರಣ ಇದೆ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿದೆ. ತಂತ್ರಾಂಶಕ್ಕೆ ಅದು ಇಂಗ್ಲಿಷೇ, ಕಟ್ಟುವ ಎಂಜಿನ್ ಬೇಕಿಲ್ಲ. ಹತ್ತಿಪ್ಪತ್ತು ವರ್ಷ ಹಳೆಯ ಕೋರೆಲ್‌ನಲ್ಲೂ ಒತ್ತು ಜಾಗದಲ್ಲೇ ಕೂರುತ್ತದೆ. ಕನ್ನಡದ ಮುದ್ರಣ ಎಷ್ಟೋ ವರ್ಷ ನಡೆದದ್ದು ಈ ಉಪಾಯದ ಮೇಲೆಯೇ, ಅದನ್ನು ಹಗುರವಾಗಿ ಕಾಣಬಾರದು.

ಆದರೆ ಇವತ್ತು ಹೊಸದಾಗಿ ಶುರು ಮಾಡುವವರು ಆ ದಾರಿ ಹಿಡಿಯಬಾರದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಡೀ ಪಠ್ಯ ಪೌಂಡ್ ಚಿಹ್ನೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಹುಡುಕಲು ಆಗದು, ಫೇಸ್‌ಬುಕ್ಕಿಗೆ ಅಂಟಿಸಲು ಆಗದು. ಕೋರೆಲ್‌ನಲ್ಲಿ ತಾನಾಗಿ ತಿದ್ದುವ ಕ್ವಿಕ್‌ಕರೆಕ್ಟ್ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಿದರೆ ಕನ್ನಡದ ಅಕ್ಷರವೇ ಬದಲಾಗುತ್ತದೆ. ಆಸ್ಕಿ ಬಳಸಲೇಬೇಕಾದವರು ಕ್ವಿಕ್‌ಕರೆಕ್ಟನ್ನು ಮೊದಲು ನಿಲ್ಲಿಸಿಬಿಡಿ.

ಹಳೆಯ ಆಸ್ಕಿ ಪಠ್ಯವನ್ನು ಯೂನಿಕೋಡಿಗೆ ತರುವಾಗ ಎರಡು ಕಡೆ ಕಣ್ಣಿಡಿ. ಅರ್ಕಾವತ್ತು ಆಸ್ಕಿಯಲ್ಲಿ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಇರುತ್ತದೆ; ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಒಳ್ಳೆಯ ಕನ್ವರ್ಟರ್ ಇದನ್ನು ತಿರುಗಿಸುತ್ತದೆ, ಆದರೂ ‘ಕೀರ್ತಿ’, ‘ಮುಹೂರ್ತ’, ‘ಧರ್ಮ’ ಇರುವ ಸಾಲುಗಳನ್ನು ಓದಿ ನೋಡಿ. ಇನ್ನು ಪಠ್ಯದ ನಡುವಿನ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಕನ್ವರ್ಟರಿಗೆ ಕನ್ನಡದ ತುಂಡುಗಳಂತೆಯೇ ಕಂಡು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಅವನ್ನು ಮೊದಲೇ ತೆಗೆದು, ಪರಿವರ್ತನೆ ಆದ ಮೇಲೆ ಮರಳಿ ಸೇರಿಸಿ.

ಪ್ರೆಸ್ಸಿನವರು ಕೋರೆಲ್ ಕಡತವನ್ನೇ ಕೇಳಿದರೆ ಜಗಳ ಬೇಡ. ಯೂನಿಕೋಡಿನಲ್ಲಿ ಮಾಡಿ, ಅಕ್ಷರಗಳನ್ನು ಪಾಥ್ ಆಗಿಸಿದ ಪಿಡಿಎಫ್ ಕೊಡಿ. ಕೋರೆಲ್ ಅದನ್ನು ತೆರೆಯುತ್ತದೆ, ಪ್ಲೇಟಿಗೆ ಅಷ್ಟೇ ಬೇಕಾಗಿರುವುದು. ತಪ್ಪು ಸಿಕ್ಕರೆ ತಿದ್ದುವ ಕೆಲಸ ನಿಮ್ಮದೇ ಎಂದು ಮೊದಲೇ ಹೇಳಿಬಿಡಿ, ಏಕೆಂದರೆ ಪಾಥ್ ಆದ ‘ಮಂಗಳವಾರ’ವನ್ನು ಅವರು ‘ಬುಧವಾರ’ ಮಾಡಲಾರರು. ಕಳಿಸುವ ಮುನ್ನ ಮನೆಯ ಪ್ರಿಂಟರಿನಲ್ಲಿ ‘ಫಿಟ್ ಟು ಪೇಜ್’ ಬಿಟ್ಟು ಶೇ. 100ರ ಅಳತೆಯಲ್ಲಿ ಒಂದು ಪ್ರತಿ ತೆಗೆದು, ಅತಿ ಸಣ್ಣ ಸಾಲನ್ನು ಮನೆಯ ಹಿರಿಯರೊಬ್ಬರಿಂದ ಓದಿಸಿ. ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ಅದು ಗಾತ್ರ ಕುಗ್ಗಿಸಿ ಅಕ್ಷರದ ಅಂಚನ್ನು ಕೆಡಿಸುತ್ತದೆ.