ವರ್ಷದ ಓದಿನ ಲೆಕ್ಕ: ನೋಟ್‌ಬುಕ್, ಆ್ಯಪ್, ಸ್ಪ್ರೆಡ್‌ಶೀಟ್

ಓದಿದ ಪುಸ್ತಕಗಳ ಲೆಕ್ಕವಿಡಲು ಕಳೆದ ವರ್ಷವಿಡೀ ಮೂರು ಸಾಧನಗಳನ್ನು ಜೊತೆಜೊತೆಯಾಗಿ ಬಳಸಿದೆ: ಗೆರೆ ಹಾಕಿದ ಒಂದು ದಪ್ಪ ನೋಟ್‌ಬುಕ್, ಓದಿನ ದಾಖಲೆಗೆಂದೇ ಇರುವ ಒಂದು ಮೊಬೈಲ್ ಆ್ಯಪ್, ಕಂಪ್ಯೂಟರಿನಲ್ಲಿ ನಾನೇ ಕಾಲಂ ಹಾಕಿಕೊಂಡ ಒಂದು ಸ್ಪ್ರೆಡ್‌ಶೀಟ್. ಮೂರರಿಂದಲೂ ನಾನು ಬಯಸಿದ್ದು ಒಂದೇ. ಡಿಸೆಂಬರಿನಲ್ಲಿ ಹಿಂತಿರುಗಿ ನೋಡಿದಾಗ ವರ್ಷದ ಓದು ಹೇಗೆ ಸಾಗಿತು, ಮನಸ್ಸಿಗೆ ಹತ್ತಿರವಾದ ಪುಸ್ತಕಗಳು ಯಾವುವು ಎಂಬುದು ಸ್ಪಷ್ಟವಾಗಬೇಕು. ದಾಖಲೆಯಿಲ್ಲದಿದ್ದರೆ ಇತ್ತೀಚೆಗೆ ಓದಿದ್ದೇ ಮೆಚ್ಚಿನದೆಂದು ತೋರುತ್ತದೆ, ಜನವರಿಯಲ್ಲಿ ಓದಿದ್ದು ಯಾರಾದರೂ ಹೆಸರೆತ್ತಿದರೆ ಮಾತ್ರ ನೆನಪಿಗೆ ಬರುತ್ತದೆ. ಈ ಕೆಲಸಕ್ಕೆ ನನಗೆ ಒದಗಿದ್ದು ನೋಟ್‌ಬುಕ್. ಮುಂದೆ ಆ್ಯಪಿನ ಮೇಲೆ ನಾನು ತುಸು ಹೆಚ್ಚೇ ಹರಿಹಾಯ್ದಂತೆ ಕಂಡರೆ ಈ ಒಲವನ್ನು ಲೆಕ್ಕಕ್ಕೆ ಹಿಡಿದು ಓದಬೇಕು.

ಆ್ಯಪಿನ ಗುಣಗಳನ್ನು ಅಲ್ಲಗಳೆಯುವುದಿಲ್ಲ. ಅದು ಸದಾ ಕೈಯಲ್ಲಿರುತ್ತದೆ, ಬೇಕಾದ ಹೆಸರನ್ನು ಕ್ಷಣದಲ್ಲಿ ಹುಡುಕಿಕೊಡುತ್ತದೆ, ಗೆಳೆಯರು ಏನು ಓದುತ್ತಿದ್ದಾರೆಂದು ತೋರಿಸುತ್ತದೆ, ವರ್ಷದ ಕೊನೆಗೆ ಬಣ್ಣಬಣ್ಣದ ವರದಿಯೊಂದನ್ನು ತಾನಾಗಿ ಸಿದ್ಧಪಡಿಸುತ್ತದೆ. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಇಟ್ಟುಕೊಳ್ಳುವ ಸೌಲಭ್ಯವನ್ನು ನಾನು ಬೇಗನೆ ನಿಲ್ಲಿಸಿದೆ. ಗುರಿ ಹತ್ತಿರವಾದಂತೆ ಕೈ ತೆಳ್ಳಗಿನ ಪುಸ್ತಕಗಳ ಕಡೆಗೇ ಹೋಗತೊಡಗುತ್ತದೆ.

ನನ್ನನ್ನು ದಣಿಸಿದ ತೊಡಕು ಒಂದೇ, ಆದರೆ ಅದು ಬಿಡದೆ ಕಾಡಿತು. ಆ್ಯಪ್ ಪುಸ್ತಕವನ್ನು ಗುರುತಿಸುವುದು ಹಿಂಬದಿಯ ಬಾರ್‌ಕೋಡಿನಿಂದ, ಅಂದರೆ ಪ್ರಕಟವಾಗುವ ಪುಸ್ತಕಗಳಿಗೆ ಗುರುತಾಗಿ ಕೊಡುವ ಐಎಸ್‌ಬಿಎನ್ ಸಂಖ್ಯೆಯಿಂದ. ಈ ಸಂಖ್ಯೆ ಅಂತಾರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಆಗ ಹತ್ತು ಅಂಕಿಗಳಿದ್ದದ್ದು 2007ರ ಜನವರಿ 1ರಿಂದ ಹದಿಮೂರಾಯಿತು. ಇತ್ತೀಚಿನ ಪುಸ್ತಕವಾದರೆ ಕ್ಯಾಮೆರಾ ಹಿಡಿದೊಡನೆ ಮುಖಪುಟ, ಲೇಖಕರ ಹೆಸರು, ಪುಟಗಳ ಲೆಕ್ಕ ಎಲ್ಲವೂ ತಾವಾಗಿ ಬಂದು ಕೂರುತ್ತವೆ, ಬೆರಳಾಡಿಸುವ ಶ್ರಮವೂ ಇಲ್ಲ. ನನ್ನ ಓದಿನಲ್ಲಾದರೋ ಹಳೆಯ ಪುಸ್ತಕಗಳೇ ಹೆಚ್ಚು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಪ್ರಕಟವಾದದ್ದು 1967ರಲ್ಲಿ, ಡಿ.ವಿ.ಜಿ. ಅವರ 'ಮಂಕುತಿಮ್ಮನ ಕಗ್ಗ' 1943ರಲ್ಲಿ. ಇವುಗಳ ಹಳೆಯ ಪ್ರತಿಗಳಲ್ಲಿ ಆ ಸಂಖ್ಯೆಯನ್ನು ಹುಡುಕುವುದೇ ವ್ಯರ್ಥ. ಆಗ ಹೆಸರು ಟೈಪ್ ಮಾಡಿ ಹುಡುಕಬೇಕು. ಹುಡುಕಿದರೆ ಒಂದೇ ಹೆಸರು ಕನ್ನಡ ಲಿಪಿಯಲ್ಲೊಮ್ಮೆ, ರೋಮನ್ ಲಿಪಿಯಲ್ಲಿ ನಾಲ್ಕಾರು ಬಗೆಯ ಕಾಗುಣಿತಗಳಲ್ಲಿ ಎದುರಾಗುತ್ತದೆ. ಒಂದೊಂದು ದಾಖಲೆಯೂ ಒಂದೊಂದು ಪುಟಸಂಖ್ಯೆ ಹೇಳುತ್ತದೆ, ಕೆಲವು ಅದನ್ನೂ ಹೇಳುವುದಿಲ್ಲ.

ಅವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಓದಿನ ಪ್ರಗತಿ ಸುಳ್ಳಾಗುತ್ತದೆ. ನನ್ನ ಪ್ರತಿಯಲ್ಲಿ ಇನ್ನೂ ಹಲವು ಅಧ್ಯಾಯಗಳು ಬಾಕಿಯಿರುವಾಗ ಆ್ಯಪ್ ಪುಸ್ತಕ ಮುಗಿಯಿತೆಂದು ಅಭಿನಂದಿಸಿ ನಕ್ಷತ್ರ ಕೊಡಲು ಹೇಳಿದ್ದುಂಟು. ಬೇಡವೆಂದು ನಾನೇ ಹೊಸ ದಾಖಲೆಯನ್ನು ಸೇರಿಸಿದರೆ ಅದು ಬೇರೆಯೇ ಕೃತಿಯೆಂದು ಪರಿಗಣಿತವಾಗುತ್ತದೆ. ಹಿಂದೆ ಒಂದು ಮುದ್ರಣದಲ್ಲಿ ಓದಿದ್ದ ಕಾದಂಬರಿಯನ್ನು ಈ ವರ್ಷ ಇನ್ನೊಂದು ಮುದ್ರಣದಲ್ಲಿ ಮತ್ತೆ ಓದಿದಾಗ ಅದು ಮರುಓದು ಎಂಬುದೇ ಅದಕ್ಕೆ ತಿಳಿಯಲಿಲ್ಲ. ಹಳೆಯ ಟಿಪ್ಪಣಿ ಹಳೆಯ ದಾಖಲೆಯಲ್ಲೇ ಉಳಿಯಿತು, ವರದಿಯಲ್ಲಿ ಅದು ನಾನು ಮೊದಲ ಸಲ ಓದಿದ ಪುಸ್ತಕವಾಗಿ ಕಾಣಿಸಿಕೊಂಡಿತು. ಎರಡು ದಾಖಲೆಗಳನ್ನು ಜೋಡಿಸುವ ಅಧಿಕಾರ ಸಾಮಾನ್ಯ ಬಳಕೆದಾರರಿಗಿಲ್ಲ, ಕೋರಿಕೆ ಸಲ್ಲಿಸಿ ಕಾಯಬೇಕು. ಒಂದು ಅನುವಾದದ ವಿಷಯದಲ್ಲಿ ಯಾರೋ ಹೀಗೆ ಜೋಡಿಸಿಯೂಬಿಟ್ಟರು. ಅನುವಾದಕರ ಭಾಷೆಯನ್ನೇ ಕುರಿತು ನಾನು ಬರೆದಿದ್ದ ಮೆಚ್ಚುಗೆ ಆ ಜೋಡಣೆಯಿಂದಾಗಿ ಅದೇ ಕೃತಿಯ ಬೇರೊಂದು ಅನುವಾದದ ಕೆಳಗೆ ಹೋಗಿ ಕುಳಿತಿತು.

ಇದು ನಾನು ಬಳಸಿದ ಆ್ಯಪೊಂದರದೇ ದೋಷವೆನ್ನಲಾರೆ. ಐಎಸ್‌ಬಿಎನ್ ಪುಸ್ತಕ ವ್ಯಾಪಾರದ ಅನುಕೂಲಕ್ಕೆ ಹುಟ್ಟಿದ ಸಂಖ್ಯೆ. ರಟ್ಟಿನ ಹೊದಿಕೆಯ ಪ್ರತಿಗೊಂದು, ಸಾದಾ ಹೊದಿಕೆಗೊಂದು, ಇ-ಪುಸ್ತಕಕ್ಕೊಂದು, ಪರಿಷ್ಕೃತ ಆವೃತ್ತಿಗೆ ಮತ್ತೊಂದು ಎಂದು ಅದು ಮಾರಾಟಕ್ಕಿರುವ ರೂಪಗಳನ್ನು ಎಣಿಸುತ್ತದೆ. ಗ್ರಂಥಾಲಯದವರಿಗೆ ಈ ಗೊಂದಲ ಚೆನ್ನಾಗಿ ಗೊತ್ತು. ಗ್ರಂಥಾಲಯ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ 1998ರಲ್ಲಿ ಪ್ರಕಟಿಸಿದ ಸೂಚೀಕರಣದ ಮಾದರಿಯು ಕೃತಿ, ಅನುವಾದದಂತಹ ಅದರ ಒಂದೊಂದು ಪಾಠ, ಅಚ್ಚಾದ ಆವೃತ್ತಿ, ಕೈಯಲ್ಲಿರುವ ಪ್ರತಿ ಎಂದು ನಾಲ್ಕು ಹಂತಗಳನ್ನು ಬೇರ್ಪಡಿಸಿತು. ಓದುಗನ ನೆನಪು ಮೊದಲೆರಡು ಹಂತಗಳಲ್ಲಿ ಇರುತ್ತದೆ, ಬಾರ್‌ಕೋಡ್ ಹೇಳುವುದು ಮೂರನೆಯದನ್ನು. ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ: ಹೆಸರಿನ ಕೆಳಗೆ "ಎರಡನೆಯ ಓದು, ಅಕ್ಷರ ದೊಡ್ಡದಿರುವ ಪ್ರತಿ" ಎಂದು ಬರೆದರೆ ಮುಗಿಯಿತು.

ನಕ್ಷತ್ರಗಳ ವಿಷಯ. ಪುಸ್ತಕ ಮುಗಿದ ಕ್ಷಣದಲ್ಲೇ ಆ್ಯಪ್ ತೀರ್ಪು ಕೇಳುತ್ತದೆ, ಕೊನೆಯ ಅಧ್ಯಾಯದ ಬಿಸಿಯಲ್ಲಿ ನಾವು ಉದಾರವಾಗಿಯೋ ಸಿಡುಕಿನಿಂದಲೋ ಕೊಟ್ಟುಬಿಡುತ್ತೇವೆ. ಆಮೇಲೆ ಬದಲಾಯಿಸಬಹುದು, ನಿಜ. ಬದಲಾಯಿಸಿದರೆ ಹಿಂದಿನ ಅಭಿಪ್ರಾಯ ಅಳಿಸಿಹೋಗುತ್ತದೆ, ಅಭಿಪ್ರಾಯ ಬದಲಾದದ್ದಕ್ಕೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ನಾನು ಅನುಸರಿಸಿದ ಕ್ರಮ ಸರಳವಾದದ್ದು. ಬಲಪುಟದಲ್ಲಿ ಪುಸ್ತಕದ ಹೆಸರು, ಮುಗಿಸಿದ ತಿಂಗಳು ಮತ್ತು ಆ ದಿನ ಅನ್ನಿಸಿದ ನಾಲ್ಕು ಸಾಲು. ಎಡಪುಟ ಖಾಲಿ. ಕೆಲವು ವಾರಗಳ ನಂತರ ಪುಸ್ತಕವನ್ನು ತೆರೆಯದೆ, ಇನ್ನೂ ನೆನಪಿನಲ್ಲಿರುವುದನ್ನು ಮಾತ್ರ ಎಡಪುಟದಲ್ಲಿ ಬರೆಯುತ್ತೇನೆ. ಡಿಸೆಂಬರಿನಲ್ಲಿ ನನಗೆ ನಿಜವಾದ ಉಪಕಾರ ಮಾಡಿದ್ದು ಈ ಎಡಪುಟಗಳೇ. ಬಲಪುಟದಲ್ಲಿ ಹೊಗಳಿಕೆ ತುಂಬಿದ್ದ ಒಂದು ಪತ್ತೇದಾರಿ ಕಾದಂಬರಿಯ ಎಡಪುಟದಲ್ಲಿ ಒಂದೇ ಸಾಲಿತ್ತು, ಅದರಲ್ಲೂ ಕೊಲೆಗಾರನ ಹೆಸರು ನೆನಪಾಗಿರಲಿಲ್ಲ. 'ಮಲೆಗಳಲ್ಲಿ ಮದುಮಗಳು' ಮುಗಿಸಿದ ದಿನ ನಾನು ಬರೆದದ್ದು ಬಹುಮಟ್ಟಿಗೆ ದೂರು: ಪಾತ್ರಗಳು ಇಷ್ಟೊಂದು, ಯಾರಿಗೆ ಯಾರು ಏನಾಗಬೇಕೆಂದು ತಿಳಿಯಲು ಹಿಂದಿನ ಪುಟಗಳಿಗೆ ಮತ್ತೆ ಮತ್ತೆ ಹೋಗಬೇಕು ಎಂದು. ಅದರ ಎಡಪುಟ ತುಂಬಿ ಅಂಚಿನವರೆಗೂ ಹರಿದಿದೆ. ಗುತ್ತಿಯೂ ಅವನ ನಾಯಿ ಹುಲಿಯನೂ, ಕಾಡಿನ ಮಳೆಯೂ, ದೂರು ಹೇಳಿದ್ದ ಆ ಪಾತ್ರಗಳ ಸಂದಣಿಯೂ ಅಲ್ಲಿವೆ. ವರ್ಷದ ಮೆಚ್ಚಿನ ಪುಸ್ತಕಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂದದ್ದು ಹೀಗೆ. ಆ್ಯಪಿನಲ್ಲಿ ಅದಕ್ಕೆ ಈಗಲೂ ಮೂರೇ ನಕ್ಷತ್ರ.

ಕಗ್ಗದ ವಿಷಯದಲ್ಲಂತೂ ಆ್ಯಪ್ ಸಂಪೂರ್ಣ ಕೈಚೆಲ್ಲಿತು. 945 ಪದ್ಯಗಳ ಆ ಪುಸ್ತಕವನ್ನು ಯಾರೂ ಆರಂಭಿಸಿ ಮುಗಿಸುವ ರೀತಿಯಲ್ಲಿ ಓದುವುದಿಲ್ಲ. ಎಲ್ಲೋ ತೆರೆದು, ಒಂದೆರಡು ಪದ್ಯ ಓದಿ, ಮುಚ್ಚಿಡುತ್ತಾರೆ. ವರ್ಷದಲ್ಲಿ ಅತಿ ಹೆಚ್ಚು ಸಲ ಕೈಗೆತ್ತಿಕೊಂಡ ಪುಸ್ತಕ ಅದೇ ಆಗಿದ್ದರೂ, ಮುಗಿಸಿದ್ದನ್ನು ಮಾತ್ರ ಎಣಿಸುವ ವಾರ್ಷಿಕ ವರದಿಯಲ್ಲಿ ಅದರ ಸುಳಿವೇ ಇಲ್ಲ.

ನೋಟ್‌ಬುಕ್ಕಿನ ಕೊರತೆಗಳು ಎಲ್ಲರಿಗೂ ತಿಳಿದವೇ: ಹುಡುಕಲಾಗುವುದಿಲ್ಲ, ಕೂಡಿ ಕಳೆಯಲಾಗುವುದಿಲ್ಲ, ಕಳೆದುಹೋದರೆ ಹೋಯಿತು. ಪ್ರಯಾಣದಲ್ಲಿ ಹೊರೆಯೂ ಹೌದು.

ಸ್ಪ್ರೆಡ್‌ಶೀಟ್ ಈ ಕೊರತೆಗಳನ್ನು ತುಂಬಬಲ್ಲದು. ಕಥೆ ಎಷ್ಟು, ಪ್ರಬಂಧ ಎಷ್ಟು, ಅನುವಾದ ಎಷ್ಟು ಎಂಬ ಲೆಕ್ಕವನ್ನು ಅದರಂತೆ ಬೇರಾವುದೂ ಕೊಡಲಿಲ್ಲ. ಐಎಸ್‌ಬಿಎನ್ ಅಲ್ಲಿಯೂ ಕೀಟಲೆ ಮಾಡಿತು: ಕಾಲಮ್ಮನ್ನು ಮೊದಲೇ ಪಠ್ಯವೆಂದು ಗೊತ್ತುಪಡಿಸದಿದ್ದರೆ ಹದಿಮೂರು ಅಂಕಿಗಳು 9.78ಇ+12 ಎಂಬ ವಿಚಿತ್ರ ರೂಪ ತಾಳುತ್ತವೆ, ಹತ್ತಂಕಿಯ ಹಳೆಯ ಸಂಖ್ಯೆಗಳ ಮೊದಲ ಸೊನ್ನೆ ಮಾಯವಾಗುತ್ತದೆ. ಆ ಕಾಲಮ್ಮನ್ನೇ ತೆಗೆದುಹಾಕಿದ ಮೇಲೆ ತೊಂದರೆಯಾಗಲಿಲ್ಲ. ಆದರೆ ಅದರ ಚೌಕಗಳಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ಬರೆಯುವ ಮನಸ್ಸೇ ಬರುವುದಿಲ್ಲ, ಅನಿಸಿಕೆಗಳು ತಾವಾಗಿ "ಚೆನ್ನಾಗಿದೆ", "ಪರವಾಗಿಲ್ಲ" ಎಂಬಲ್ಲಿಗೆ ಇಳಿದುಬಿಡುತ್ತವೆ.

ಖರ್ಚಿನ ಮಾತು ಚಿಕ್ಕದು. ನೋಟ್‌ಬುಕ್ಕಿಗೆ ಒಮ್ಮೆ ಕೊಟ್ಟರೆ ಮುಗಿಯಿತು, ಸ್ಪ್ರೆಡ್‌ಶೀಟಿಗೆ ಉಚಿತ ತಂತ್ರಾಂಶ ಸಾಕು. ಆ್ಯಪ್ ಕೂಡ ಉಚಿತವೇ, ಆದರೆ ವಿವರವಾದ ವರದಿಗೆ ಚಂದಾ ಕೇಳುತ್ತದೆ. ಆ ಹಣಕ್ಕೆ ಪುಸ್ತಕ ಕೊಳ್ಳುವುದು ನನಗೆ ಮೇಲು.

ನಾನು ಮಲಗುವ ಮೊದಲು ಫೋನನ್ನು ದೂರವಿಟ್ಟು ಓದುವವನು, ಹಳೆಯ ಪುಸ್ತಕಗಳನ್ನು ಮತ್ತೆ ಮತ್ತೆ ಓದುವವನು, ಒಂದು ತಿಂಗಳಿಗೆ ಎರಡು ಮೂರಕ್ಕಿಂತ ಹೆಚ್ಚು ಮುಗಿಸದವನು. ಈ ಅಭ್ಯಾಸಗಳಿಗೆ ನೋಟ್‌ಬುಕ್ ಹೊಂದುತ್ತದೆ. ಹೊಸ ಪುಸ್ತಕಗಳನ್ನೇ ಹೆಚ್ಚಾಗಿ, ಅದರಲ್ಲೂ ಇ-ಪುಸ್ತಕವಾಗಿ ಓದುವವರಿಗೆ, ಗೆಳೆಯರ ಸಲಹೆಯಿಂದ ಮುಂದಿನ ಪುಸ್ತಕ ಆರಿಸುವವರಿಗೆ ಆ್ಯಪನ್ನೇ ಹೇಳುತ್ತೇನೆ. ಈ ವರ್ಷವೂ ಬರವಣಿಗೆಯೆಲ್ಲ ನೋಟ್‌ಬುಕ್ಕಿನಲ್ಲೇ ನಡೆಯುತ್ತದೆ. ವರ್ಷದ ಕೊನೆಗೆ ಒಂದು ಸಂಜೆ ಕುಳಿತು ಹೆಸರುಗಳನ್ನಷ್ಟೇ ಸ್ಪ್ರೆಡ್‌ಶೀಟಿಗೆ ಏರಿಸುತ್ತೇನೆ. ಆ್ಯಪನ್ನು ಅಳಿಸಿಲ್ಲ. ಅಂಗಡಿಯಲ್ಲಿ ನಿಂತಾಗ ಕೈಯಲ್ಲಿರುವ ಪುಸ್ತಕ ಮನೆಯ ಕಪಾಟಿನಲ್ಲಿ ಆಗಲೇ ಇದೆಯೇ ಎಂದು ನೋಡಿಕೊಳ್ಳಲು ಅದು ಬೇಕಾಗುತ್ತದೆ.